ಮತ್ತೆ ಕೇಳೋಣ, ಮತ್ತೆ ನೋಡೋಣ: ಮನೆಯಲ್ಲೇ ಕಲಿಯುವ ಮಕ್ಕಳೊಡನೆ ಕವಿತೆ, ಸಂಗೀತ, ಚಿತ್ರ

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವ ತಂದೆತಾಯಿಗಳು ತಮ್ಮ ವೇಳಾಪಟ್ಟಿಯನ್ನು ನನಗೆ ಆಗಾಗ ತೋರಿಸುತ್ತಾರೆ. ಗಣಿತ, ಭಾಷೆ, ವಿಜ್ಞಾನಗಳು ಬೆಳಗಿನ ಒಳ್ಳೆಯ ಹೊತ್ತನ್ನು ಹಂಚಿಕೊಂಡಿರುತ್ತವೆ. ಕವಿತೆ, ಸಂಗೀತ, ಚಿತ್ರಕಲೆಗಳು ವಾರದ ಕೊನೆಯ ಮಧ್ಯಾಹ್ನದ ಒಂದೇ ಗಂಟೆಯಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತವೆ. ಆ ಒಂದು ಗಂಟೆಯಲ್ಲೂ ಪದ್ಯದ ಕೆಳಗೆ ಐದು ಪ್ರಶ್ನೆಗಳು, ರಾಗಗಳ ಹೆಸರಿನ ಪಟ್ಟಿ, ಚಿತ್ರಕಾರ ಹುಟ್ಟಿದ ಊರು ಮತ್ತು ವರ್ಷ. ಶಾಲೆಯನ್ನು ಬಿಟ್ಟು ಬಂದವರ ಬೆನ್ನನ್ನೂ ಶಾಲೆಯ ಈ ಒಂದು ಅಭ್ಯಾಸ ಬಿಟ್ಟಿಲ್ಲ.

ಶಾಲೆಗಾದರೋ ಇದಕ್ಕೊಂದು ಕಾರಣವಿದೆ. ತರಗತಿಯ ತುಂಬ ಮಕ್ಕಳಿರುತ್ತಾರೆ, ಪಾಠ ಮುಗಿಸಬೇಕಾದ ಗಡುವಿರುತ್ತದೆ, ಕೊನೆಗೆ ಅಂಕ ಕೊಡಬೇಕಾಗುತ್ತದೆ. ಹಾಗಾಗಿ ಒಂದು ಪದ್ಯವನ್ನು ಒಮ್ಮೆ ಓದಿ, ಸಾರಾಂಶ ಬರೆಸಿ, ಮುಂದಿನ ಪದ್ಯಕ್ಕೆ ಹೋಗದೆ ಅಲ್ಲಿ ಗತ್ಯಂತರವಿಲ್ಲ. ಮನೆಯಲ್ಲಿ ಈ ಮೂರು ಒತ್ತಡಗಳೂ ಇಲ್ಲ. ಇಂದು ಕೇಳಿದ ಹಾಡನ್ನೇ ನಾಳೆಯೂ ಕೇಳಬಹುದು, ಹೋದ ವರ್ಷ ಗೋಡೆಗೆ ಅಂಟಿಸಿದ ಚಿತ್ರವನ್ನು ಈ ವರ್ಷ ಮತ್ತೆ ಹೊರತೆಗೆಯಬಹುದು, ಅದರಿಂದ ಯಾವ ಪಾಠವೂ ಹಿಂದೆ ಬೀಳುವುದಿಲ್ಲ. ಆದ್ದರಿಂದ ನಾನು ಇಂದು ಹೇಳಬೇಕೆಂದಿರುವುದು ಎರಡು ಮಾತು. ಕಡಿಮೆ ಕೃತಿಗಳನ್ನು ಆರಿಸಿಕೊಂಡು ಅವುಗಳ ಬಳಿಗೆ ಮತ್ತೆ ಮತ್ತೆ ಹೋಗಿ. ನೀವು ಕೇಳುವ ಪ್ರಶ್ನೆ ಯಾವುದೇ ಆಗಿರಲಿ, ಅದಕ್ಕೆ ಉತ್ತರ ಹುಡುಕಲು ಮಗು ನಿಮ್ಮ ಮುಖ ನೋಡುವ ಬದಲು ಆ ಕೃತಿಯನ್ನೇ ಮತ್ತೊಮ್ಮೆ ನೋಡುವಂತಿರಲಿ, ಕೇಳುವಂತಿರಲಿ.

ಎರಡನೆಯ ಮಾತು ಚಿತ್ರಗಳ ವಿಷಯದಲ್ಲಿ ಬೇಗ ಸ್ಪಷ್ಟವಾಗುತ್ತದೆ, ಅಲ್ಲಿಂದಲೇ ಪ್ರಾರಂಭಿಸುತ್ತೇನೆ. ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ಮಹಾ ಅಲೆಯ ಚಿತ್ರವನ್ನು ನೀವೆಲ್ಲ ಎಲ್ಲಾದರೂ ನೋಡಿಯೇ ಇರುತ್ತೀರಿ; ಚೀಲ, ಬಟ್ಟೆ, ಲೋಟಗಳ ಮೇಲೆಲ್ಲ ಅದು ಅಚ್ಚಾಗಿದೆ. ಅದನ್ನು ಮಗುವಿನ ಮುಂದಿಟ್ಟು ‘ಚಿತ್ರಕಾರ ಇಲ್ಲಿ ಏನು ಹೇಳಲು ಹೊರಟಿದ್ದಾನೆ?’ ಎಂದು ಕೇಳಿ ನೋಡಿ. ಮಗು ಚಿತ್ರವನ್ನು ಬಿಟ್ಟು ನಿಮ್ಮನ್ನು ನೋಡುತ್ತದೆ, ಏಕೆಂದರೆ ಉತ್ತರ ನಿಮ್ಮ ತಲೆಯೊಳಗಿದೆ ಎಂದು ಅದಕ್ಕೆ ಗೊತ್ತು. ಅದರ ಬದಲು ‘ಇದರಲ್ಲಿ ದೋಣಿಗಳು ಎಷ್ಟಿವೆ?’ ಎಂದು ಕೇಳಿ. ಮೊದಲ ನೋಟಕ್ಕೆ ಅಲೆಯೊಂದನ್ನೇ ಕಂಡಿದ್ದ ಮಗು ಮತ್ತೆ ಬಗ್ಗಿ ನೋಡುತ್ತದೆ, ಒಂದನ್ನು ಕಾಣುತ್ತದೆ, ಇನ್ನೊಂದನ್ನು ಕಾಣುತ್ತದೆ, ತುಸು ಹೊತ್ತಿನ ಮೇಲೆ ಮೂರನೆಯದನ್ನೂ ಪತ್ತೆ ಮಾಡುತ್ತದೆ. ಆಮೇಲೆ ದೋಣಿಯ ಅಂಚಿಗೆ ಕವುಚಿಕೊಂಡಿರುವ ಜನ ಕಾಣುತ್ತಾರೆ. ಅವರು ಏನು ಮಾಡುತ್ತಿದ್ದಾರೆಂಬ ಪ್ರಶ್ನೆಯನ್ನು ನೀವು ಕೇಳಬೇಕಾಗಿಲ್ಲ, ಮಗುವೇ ಕೇಳುತ್ತದೆ. ಹಿಂದೆ ಪುಟ್ಟದಾಗಿ ಕಾಣುವ, ಮತ್ತೊಂದು ಅಲೆಯೇ ಇರಬೇಕೆಂದು ಎಲ್ಲರೂ ಭಾವಿಸುವ ಆ ತ್ರಿಕೋನ ಫುಜಿ ಪರ್ವತವೆಂದು ತಿಳಿಯಲು ಕೆಲವು ಮಕ್ಕಳಿಗೆ ದಿನಗಳೇ ಬೇಕಾಗುತ್ತವೆ. ಬೇಕಾಗಲಿ. ದಯವಿಟ್ಟು ನೀವು ಬೆರಳಿಟ್ಟು ತೋರಿಸಬೇಡಿ.

ಇದೇ ಚಿತ್ರದೊಂದಿಗೆ ಇನ್ನೊಂದು ಪ್ರಯೋಗವಿದೆ. ಅದನ್ನು ಕನ್ನಡಿಯ ಎದುರು ಹಿಡಿಯಿರಿ. ಎಡದಿಂದ ಎದ್ದು ನಿಂತಿದ್ದ ಅಲೆ ಈಗ ಬಲಕ್ಕೆ ಬರುತ್ತದೆ, ಚಿತ್ರದ ಭಯವೂ ಏಕೋ ಬದಲಾಗುತ್ತದೆ. ಹೆಚ್ಚಾಯಿತೇ, ಕಡಿಮೆಯಾಯಿತೇ ಎಂಬುದರಲ್ಲಿ ಅಣ್ಣತಮ್ಮಂದಿರ ನಡುವೆಯೇ ಒಮ್ಮತವಿರುವುದಿಲ್ಲ. ಜಪಾನಿನ ಸಾಂಪ್ರದಾಯಿಕ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ, ದೋಣಿಗಳೂ ಆ ದಿಕ್ಕಿನಲ್ಲೇ ಹೊರಟಿವೆ ಎಂಬ ಸಂಗತಿಯನ್ನು ನೀವು ಈ ವಾದದ ನಡುವೆ ಹೇಳಿದರೆ ಅದು ಮಕ್ಕಳಿಗೆ ನೆನಪಿರುತ್ತದೆ. ವಾದಕ್ಕೆ ಮೊದಲೇ ಹೇಳಿದರೆ ಅದು ಮತ್ತೊಂದು ಮಾಹಿತಿ, ಅಷ್ಟೇ.

ಇಂಗ್ಲೆಂಡಿನ ಶಿಕ್ಷಣ ಚಿಂತಕಿ ಶಾರ್ಲಟ್ ಮೇಸನ್ (1842–1923) ಅವರ ಹೆಸರು ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಒಂದು ಅವಧಿಗೆ ಒಬ್ಬನೇ ಚಿತ್ರಕಾರ, ಅವನ ಸುಮಾರು ಆರು ಚಿತ್ರಗಳು ಸಾಕು ಎಂಬುದು ಅವರ ಕ್ರಮವಾಗಿತ್ತು. ಮಕ್ಕಳು ಒಂದು ಚಿತ್ರವನ್ನು ಸದ್ದಿಲ್ಲದೆ ನೋಡಬೇಕು, ಬಳಿಕ ಅದನ್ನು ಮಗುಚಿಟ್ಟು ಕಂಡದ್ದನ್ನು ಹೇಳಬೇಕು. ನೂರು ವರ್ಷ ದಾಟಿದ ಈ ಕ್ರಮಕ್ಕಿಂತ ಸರಳವಾದದ್ದು ನನಗೆ ಬೇರೆ ಸಿಕ್ಕಿಲ್ಲ. ನಾನು ಇದಕ್ಕೆ ಸೇರಿಸುವುದು ಒಂದನ್ನೇ: ಮಗು ಹೇಳಿ ಮುಗಿಸಿದ ಮೇಲೆ ಚಿತ್ರವನ್ನು ಮತ್ತೆ ತಿರುಗಿಸಿ, ಹೇಳಿದ್ದು ಸರಿಯೇ ಎಂದು ಅದೇ ನೋಡಿಕೊಳ್ಳಲಿ. ತಪ್ಪು ತಿದ್ದುವ ಕೆಲಸವನ್ನು ಚಿತ್ರವೇ ಮಾಡುವಾಗ ನಾವು ಮಧ್ಯೆ ಬಾಯಿ ಹಾಕಬೇಕಾಗಿಲ್ಲ.

ಚಿತ್ರಗಳನ್ನು ನಾವು ಬಹುಪಾಲು ಮೊಬೈಲಿನಲ್ಲೋ ಪುಸ್ತಕದಲ್ಲೋ ನೋಡುವವರಾದ್ದರಿಂದ ಅಳತೆಯ ವಿಷಯವನ್ನೂ ಹೇಳಬೇಕು. ಪೀಟರ್ ಬ್ರೂಗೆಲ್ 1560ರಲ್ಲಿ ಮಕ್ಕಳ ಆಟಗಳನ್ನು ಕುರಿತು ಬರೆದ ಚಿತ್ರವೊಂದು ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿದೆ. 200ಕ್ಕೂ ಹೆಚ್ಚು ಮಕ್ಕಳು 80ರಷ್ಟು ಬಗೆಯ ಆಟಗಳನ್ನು ಆಡುತ್ತಿರುವ ಆ ಹಲಗೆಯ ಅಗಲ 161 ಸೆಂಟಿಮೀಟರ್. ಹೊಕುಸಾಯ್‌ನ ಅಲೆಯೋ, ಮರದಚ್ಚಿನಿಂದ ಕಾಗದದ ಮೇಲೆ ಒತ್ತಿದ್ದು, ಅಗಲ 37 ಸೆಂಟಿಮೀಟರಿನ ಆಸುಪಾಸು. ಮೊಬೈಲಿನ ಪರದೆಯ ಮೇಲೆ ಎರಡೂ ಒಂದೇ ಗಾತ್ರ! ಸೀಮೆಸುಣ್ಣದಿಂದ ಎರಡರ ಅಳತೆಯನ್ನೂ ನೆಲದ ಮೇಲೆ ಗೆರೆ ಹಾಕಿಸಿ. ದೊಡ್ಡ ಆಯತದೊಳಗೆ ಒಂದು ಮಗು ಕಾಲು ಮಡಚಿ ಮಲಗಬಹುದು; ಸಣ್ಣದರೊಳಗೆ ಒಂದು ತೆರೆದ ಪುಸ್ತಕ ಹಿಡಿದರೆ ಹೆಚ್ಚು. ಜಗತ್ತನ್ನೇ ನುಂಗುವಂತೆ ಕಾಣುವ ಅಲೆ ಇಷ್ಟು ಚಿಕ್ಕ ಜಾಗದಲ್ಲಿದೆ ಎಂಬುದು ಆಗ ಮಕ್ಕಳಿಗೆ ನಿಜವಾದ ಆಶ್ಚರ್ಯ. ಬ್ರೂಗೆಲ್‌ನ ಚಿತ್ರದಲ್ಲಿ ಆಟಗಳನ್ನು ಎಣಿಸುವುದರಲ್ಲೇ ಕೆಲವು ದಿನ ಸಲೀಸಾಗಿ ಕಳೆಯುತ್ತವೆ: ಬಳೆಯಾಕಾರದ ಚಕ್ರ ಹೊಡೆಯುವವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ಬಗ್ಗಿದವನ ಬೆನ್ನ ಮೇಲಿಂದ ಹಾರುವವರು, ಮರಗಾಲು ಕಟ್ಟಿಕೊಂಡು ನಡೆಯುವವರು. ಇಷ್ಟೆಲ್ಲ ಆಡುವವರ ಮುಖದಲ್ಲಿ ನಗು ಎಷ್ಟು ಅಪರೂಪವೆಂಬುದು ಬಹಳ ತಡವಾಗಿ ಕಣ್ಣಿಗೆ ಬೀಳುತ್ತದೆ. ಅದನ್ನೂ ಹೇಳಿಕೊಡಬೇಡಿ.

ಈಗ ಕವಿತೆಗೆ ಬರುತ್ತೇನೆ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ‘ಅರ್ಥವಾಗದಿದ್ದರೆ ಓದಿ ಏನು ಪ್ರಯೋಜನ?’ ಎಂದು ತಂದೆತಾಯಿಗಳು ಹೆಚ್ಚು ಚಿಂತಿಸುವುದು ಇದರ ಬಗ್ಗೆಯೇ. ಕವಿತೆ ಮೊದಲು ಕಿವಿಗೆ ಸಲ್ಲುವ ವಸ್ತು. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಕಥನಕವನದಿಂದ ಬಂದದ್ದು ಎಂಬುದು ದೊಡ್ಡವರಿಗೆ ಬೇಕಾದ ವಿವರ. ಮಗುವಿಗೆ ಬೇಕಾಗಿರುವುದು ಅದರಲ್ಲಿ ಇಲಿಗಳು ಸಾಲುಗಟ್ಟಿ ಬರುವ ಭಾಗ. ಅಲ್ಲಿ ಇಲಿಗಳು ಅಕ್ಕ, ತಂಗಿ, ಮಾವ, ಭಾವ ಎಂಬ ನಂಟಿನ ಹೆಸರು ಹೊತ್ತು ಬರುತ್ತವೆ. ಇದನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿದರೆ ಸಾಕು, ಮಗು ತನ್ನ ಚಿಕ್ಕಮ್ಮನನ್ನೂ ಸೋದರತ್ತೆಯನ್ನೂ ಆ ಮೆರವಣಿಗೆಗೆ ಸೇರಿಸುತ್ತದೆ. ಛಂದಸ್ಸಿನ ಮೊದಲ ಪಾಠ ಅಲ್ಲಿಯೇ ಆಗಿಹೋಯಿತು: ಲಯ ಕೆಡದಂತೆ ಹೊಸ ಪದವೊಂದನ್ನು ಕೂಡಿಸಲು ಬಂದ ಮಗುವಿಗೆ ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳಲು ಬೇಕಾದ ಹೊತ್ತು) ಎಂದರೇನೆಂದು ಕಿವಿಗೆ ಗೊತ್ತಾಗಿದೆ. ಹೆಸರನ್ನು ಮುಂದೊಂದು ದಿನ ಹೇಳಿದರಾಯಿತು.

ಆ ದಿನ ಬಂದಾಗ ಭಾಮಿನಿ ಷಟ್ಪದಿಯಿಂದ ಪ್ರಾರಂಭಿಸಿ ಎಂಬುದು ನನ್ನ ಸಲಹೆ. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ ಪೂರ್ತಿಯಾಗಿ ಇದೇ ಛಂದಸ್ಸಿನಲ್ಲಿದೆ. ಇದರ ನಡೆ ಕಿವಿಗೆ ಒಮ್ಮೆ ಕೂತರೆ ಮುಂದೆ ಆ ಕಾವ್ಯದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಆರು ಸಾಲಿನ ಪದ್ಯದಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 3+4+3+4 ಮಾತ್ರೆಗಳು; ಮೂರು ಮತ್ತು ಆರನೆಯ ಸಾಲುಗಳು ಇನ್ನೊಂದು 3+4 ಸೇರಿ ಉದ್ದವಾಗಿ, ಕೊನೆಗೊಂದು ಗುರುವಿನಿಂದ, ಎಂದರೆ ಎರಡು ಮಾತ್ರೆಯ ಅಕ್ಷರದಿಂದ, ಮುಗಿಯುತ್ತವೆ. ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನದ ಪ್ರಾಸ. ಹೀಗೆ ಹೇಳಿದರೆ ವ್ಯಾಕರಣ ಪುಸ್ತಕದಂತೆ ಕೇಳುತ್ತದೆ, ಆದ್ದರಿಂದ ಮಕ್ಕಳ ಮುಂದೆ ಹೀಗೆ ಹೇಳಬೇಡಿ. ನಾನು ಒಂದು ಗುಂಪಿನ ಮಕ್ಕಳಿಗೆ ಕೊಟ್ಟದ್ದು ಅರ್ಧ ಪದ್ಯ:

ಮಳೆಯು ಬಂದಿತು ಹೊಳೆಯು ತುಂಬಿತು
ಎಳೆಯ ಮಕ್ಕಳು ಕುಣಿದು ನಕ್ಕರು
ಒಳಗೆ ಬೆಚ್ಚಗೆ ಕುಳಿತ ಬೆಕ್ಕಿಗೆ ಮಳೆಯ ಚಿಂತೆಯದೇ

ಇದು ದೊಡ್ಡ ಕಾವ್ಯವೇನೂ ಅಲ್ಲ, ತೂಕಕ್ಕೆಂದು ಕಟ್ಟಿದ್ದು. ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಎಂದು ಹೇಳುತ್ತ, ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ತಟ್ಟುತ್ತ ಇದನ್ನು ಓದಿದೆವು. ‘ಮಳೆಯು’ ತಕಿಟದ ಮೇಲೆ ಕೂರುತ್ತದೆ, ‘ಬಂದಿತು’ ತಕಧಿಮಿಯ ಮೇಲೆ. ಮಿಕ್ಕ ಮೂರು ಸಾಲುಗಳನ್ನು ಮಕ್ಕಳೇ ಪೂರೈಸಬೇಕು, ಎರಡನೆಯ ಅಕ್ಷರ ‘ಳ’ಕಾರವೇ ಆಗಿರಬೇಕು. ತುಸು ಹೊತ್ತು ಗದ್ದಲವಾಯಿತು, ಲೆಕ್ಕ ತಪ್ಪಿದ ಸಾಲುಗಳು ಬೇಕಾದಷ್ಟು ಬಂದವು. ಅವನ್ನು ನಾನು ತಿದ್ದಲಿಲ್ಲ. ಚಪ್ಪಾಳೆ ಎಡವಿದ ಕೂಡಲೇ ಹೇಳಿದವರಿಗೇ ಗೊತ್ತಾಗುತ್ತಿತ್ತು. ಆಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ‘ಬಳೆಯ ಸದ್ದಿಗೆ ಕಣ್ಣ ತೆರೆಯಿತು’ ಎಂದಳು. ಮೂರು, ನಾಲ್ಕು, ಮೂರು, ನಾಲ್ಕು, ಪ್ರಾಸವೂ ಸರಿ. ಅಷ್ಟೇ ಅಲ್ಲದೆ ಬೆಚ್ಚಗೆ ಕುಳಿತಿದ್ದ ಬೆಕ್ಕಿಗೆ ಕಣ್ಣು ತೆರೆಯಲು ಒಂದು ಕಾರಣವೂ ಸಿಕ್ಕಿತ್ತು.

ಕಂಠಪಾಠದ ಬಗ್ಗೆ ಒಂದು ಮಾತು. ಇತ್ತೀಚೆಗೆ ಬಾಯಿಪಾಠವೆಂದರೆ ಮೂಗು ಮುರಿಯುವವರು ಹೆಚ್ಚಾಗಿದ್ದಾರೆ, ಅವರೊಡನೆ ನನಗೆ ಪೂರ್ತಿ ಸಹಮತವಿಲ್ಲ. ಒಪ್ಪಿಸುವ ಪರೀಕ್ಷೆ ಇಲ್ಲದೆಯೇ ಬಾಯಿಗೆ ಬಂದ ಪದ್ಯ ಮಗುವಿನ ಸ್ವಂತ ಆಸ್ತಿ. ದಿನವೂ ಒಂದೇ ಹೊತ್ತಿನಲ್ಲಿ ನೀವು ಒಂದೇ ಪದ್ಯವನ್ನು ಗಟ್ಟಿಯಾಗಿ ಓದುತ್ತಿದ್ದರೆ, ಕೆಲವು ದಿನಗಳಲ್ಲಿ ನೀವು ಸಾಲಿನ ಕೊನೆಯ ಪದವನ್ನು ಬಿಟ್ಟರೆ ಮಗು ಅದನ್ನು ತುಂಬುತ್ತದೆ, ಅನಂತರ ಅರ್ಧ ಸಾಲನ್ನು, ಅನಂತರ ಸಾಲನ್ನೇ. ‘ಈಗ ಎಲ್ಲರೆದುರು ಹೇಳು ನೋಡೋಣ’ ಎಂದು ಬಂದ ನೆಂಟರ ಮುಂದೆ ನಿಲ್ಲಿಸಿದಿರೋ, ಕೆಲಸ ಕೆಟ್ಟಿತು. ಹಳಗನ್ನಡದ ಒಂದೆರಡು ಪದ ತಿಳಿಯದಿದ್ದರೆ ಓದಿನ ಮಧ್ಯೆ ನಿಲ್ಲಿಸಿ ಅರ್ಥ ಹೇಳಬೇಡಿ; ಕೇಳಿದಾಗ ಹೇಳಿ, ಒಂದೇ ವಾಕ್ಯದಲ್ಲಿ ಹೇಳಿ, ಮತ್ತೆ ಪದ್ಯಕ್ಕೆ ಹಿಂದಿರುಗಿ.

ಭಾಮಿನಿಯಿಂದ ಸಂಗೀತಕ್ಕೆ ಒಂದೇ ಹೆಜ್ಜೆ. ಆ ಮೂರು–ನಾಲ್ಕರ ನಡೆಯೇ ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ: ಏಳು ಮಾತ್ರೆ, ತಕಿಟ ತಕಧಿಮಿ. ಪದ್ಯವನ್ನು ಚಪ್ಪಾಳೆಯೊಂದಿಗೆ ಓದಿದ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸುವ ಅಗತ್ಯವೇ ಇಲ್ಲ. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ ಮೂರನೆಯ ಸಾಲಿನ ಕೊನೆಯ ಗುರು. ಅದಕ್ಕೆ ಎರಡೇ ಮಾತ್ರೆ, ತಾಳಕ್ಕೋ ಏಳು ಬೇಕು. ಉಳಿದ ಐದು ಮಾತ್ರೆಗಳನ್ನು ಎಳೆದು ತುಂಬಬೇಕು, ಇಲ್ಲವೇ ಸುಮ್ಮನಿದ್ದು ತುಂಬಬೇಕು. ಸುಮ್ಮನಿರುವುದೂ ಲೆಕ್ಕಕ್ಕೆ ಸೇರಿದ್ದು ಎಂಬುದನ್ನು ಮಕ್ಕಳು ಇಲ್ಲಿ ಕೈಯಿಂದಲೇ ಕಲಿಯುತ್ತಾರೆ.

ಸಂಗೀತವನ್ನು ಕೇಳಿಸುವಾಗ ಕೈಗಳಿಗೊಂದು ಕೆಲಸವಿರಲಿ. ಆದಿ ತಾಳದ ಎಂಟು ಎಣಿಕೆ ಎಲ್ಲರಿಗೂ ಸಾಧ್ಯ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು. ಕೃತಿಯೊಂದನ್ನು ಹಾಕಿ, ಮಗು ತಾಳ ಹಾಕುತ್ತಿರಲಿ, ‘ಪಲ್ಲವಿ ಮೊದಲ ಪೆಟ್ಟಿಗೇ ಪ್ರಾರಂಭವಾಯಿತೇ, ಸ್ವಲ್ಪ ತಡೆದು ಪ್ರಾರಂಭವಾಯಿತೇ?’ ಎಂದು ಕೇಳಿ. ಇದು ಮತ್ತೆ ಕೇಳಿದರಷ್ಟೇ ಉತ್ತರ ಸಿಗುವ ಪ್ರಶ್ನೆ. ಹಿಂದೂಸ್ತಾನಿಯ ತೀನ್‌ತಾಲದಲ್ಲಿ ಹದಿನಾರು ಮಾತ್ರೆಗಳು, ಒಂಬತ್ತನೆಯದು ಖಾಲಿ. ಆ ಭಾಗದಲ್ಲಿ ತಬಲಾದ ‘ಧಿನ್’ ಹೋಗಿ ‘ತಿನ್’ ಬರುತ್ತದೆ, ಎಡಗೈಯ ಡಗ್ಗದ ಗುಂಗು ಸ್ವಲ್ಪ ಹೊತ್ತು ಇಲ್ಲವಾಗುತ್ತದೆ. ಗುಂಗು ಮರಳಿದಾಗ ಕೈ ಎತ್ತು ಎಂದು ಹೇಳಿ. ಸ್ವರದ ಹೆಸರೊಂದೂ ತಿಳಿಯದ ಮಗು ಕೂಡ ಕೆಲವೇ ಆವರ್ತಗಳಲ್ಲಿ ಇದನ್ನು ಹಿಡಿಯುತ್ತದೆ. ಇನ್ನೂ ಚಿಕ್ಕವರಿಗೆ ತಂಬೂರಿಯೇ ಸಾಕು. ಒಂದು ಸುತ್ತಿನಲ್ಲಿ ಎಷ್ಟು ತಂತಿ ಮೀಟಿದರು, ಅವುಗಳಲ್ಲಿ ಒಂದೇ ಥರ ಕೇಳುವವು ಯಾವುವು? ಪಂಚಮ, ಷಡ್ಜ, ಮತ್ತೊಮ್ಮೆ ಅದೇ ಷಡ್ಜ, ಕೊನೆಗೆ ಕೆಳಗಿನ ಷಡ್ಜ.

ಎಷ್ಟು ಹೊತ್ತು ಕೇಳಿಸಬೇಕೆಂದು ಯಾವಾಗಲೂ ಕೇಳುತ್ತಾರೆ. ಮೂರು ನಿಮಿಷ. ಈ ಮೂರು ನಿಮಿಷದ ಹಿಂದೆ ಒಂದು ಕತೆಯಿದೆ, ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದರು. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಅಷ್ಟರಲ್ಲಿ ಮುಗಿಸಬೇಕಿತ್ತು. ಹಾಡು ಮುಗಿಯುತ್ತಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಜೋರಾಗಿ ಹೇಳುತ್ತಾರೆ. ತಟ್ಟೆಗಳು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ, ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಹೀಗೆ ಹೇಳಿಸುತ್ತಿದ್ದರು ಎನ್ನುತ್ತಾರೆ. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಈ ಗಾಯಕಿಯ ಧ್ವನಿಮುದ್ರಿಕೆಗಳು ಇಂದಿಗೂ ಕೇಳಲು ಸಿಗುತ್ತವೆ. ಗರಗರ ಸದ್ದಿನ ನಡುವಿನಿಂದ ಆ ಹೆಸರು ಕೇಳಿಬಂದಾಗ ಮಕ್ಕಳಿಗೆ ಖುಷಿಯೋ ಖುಷಿ. ತಾವು ಹಾಡು ಗುನುಗಿ ಮುಗಿಸಿದಾಗಲೂ ತಮ್ಮ ಹೆಸರು ಕೂಗತೊಡಗುತ್ತಾರೆ. ಹಳೆಯ ತಟ್ಟೆಗಳ ಕಾಲದ ಗಾಯನವನ್ನು ನಾನು ಮಕ್ಕಳಿಗೆ ಶಿಫಾರಸು ಮಾಡುವುದು ಹಳತೆಂಬ ಮೋಹದಿಂದಲ್ಲ. ಅದು ಚಿಕ್ಕದು, ಒಂದೇ ದಿನ ಎರಡು ಸಲ ಕೇಳಬಹುದು.

ಮಕ್ಕಳಿಗೆಂದೇ ತಯಾರಾದ ಸಂಗೀತದ ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. ರಷ್ಯದ ಸಂಗೀತ ರಚನಕಾರ ಪ್ರೊಕೊಫೀವ್ 1936ರಲ್ಲಿ ರಚಿಸಿದ ಪೀಟರ್ ಮತ್ತು ತೋಳದ ಕತೆಯಲ್ಲಿ ಹಕ್ಕಿಗೆ ಕೊಳಲು, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್ ಎಂದು ಒಂದೊಂದು ಪಾತ್ರಕ್ಕೆ ಒಂದೊಂದು ವಾದ್ಯವಿದೆ. ವಾದ್ಯಗಳ ದನಿ ಗುರುತಿಸಲು ಇದಕ್ಕಿಂತ ಚೆನ್ನಾದದ್ದಿಲ್ಲ, ಖಂಡಿತ ಕೇಳಿಸಿ. ಆದರೆ ಸಂಗೀತವೆಲ್ಲ ಇದೇ ಬಗೆಯದೆಂದು ಮಗು ನಂಬಿದರೆ, ಮುಂದೆ ಆಲಾಪನೆ ಕೇಳುವಾಗಲೂ ‘ಇದು ಯಾವ ಪ್ರಾಣಿ?’ ಎಂದು ಹುಡುಕುತ್ತದೆ. ಕತೆಯಿಲ್ಲದ ಸಂಗೀತವೂ ಮೊದಲಿನಿಂದಲೇ ಜೊತೆಯಲ್ಲಿರಲಿ.

ಮೂರನ್ನೂ ಸೇರಿಸುವ ಚಟುವಟಿಕೆ ಬೇಕೆನ್ನುವವರಿಗೆ ಒಂದನ್ನು ಹೇಳುತ್ತೇನೆ. ಕೆ.ಕೆ. ಹೆಬ್ಬಾರ (1911–1996) ಅವರು ನೃತ್ಯ ಮಾಡುವವರನ್ನು ಕೆಲವೇ ರೇಖೆಗಳಲ್ಲಿ ಹಿಡಿದ ಚಿತ್ರಗಳನ್ನು ತೋರಿಸಿ, ಗೆರೆ ಎಲ್ಲಿ ಪ್ರಾರಂಭವಾಗಿ ಎಲ್ಲಿ ನಿಂತಿತೆಂದು ಮಗು ಬೆರಳಾಡಿಸಿ ನೋಡಲಿ. ಬಳಿಕ ಆಲಾಪನೆಯೊಂದನ್ನು ಹಾಕಿ, ದನಿ ಏರಿದಾಗ ಏರುವ, ಇಳಿದಾಗ ಇಳಿಯುವ ಒಂದೇ ಗೆರೆಯನ್ನು ಸೀಸದ ಕಡ್ಡಿ ಎತ್ತದೆ ಎಳೆಯಲಿ. ಒಂದೇ ಆಲಾಪನೆಗೆ ಮರುದಿನ ಎಳೆದ ಗೆರೆಯನ್ನು ಇದರ ಪಕ್ಕದಲ್ಲಿಟ್ಟರೆ ಕಿವಿ ಎಷ್ಟು ಮುಂದೆ ಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ದಾಖಲೆ ಇಡುವ ಅಭ್ಯಾಸವುಳ್ಳ ಮನೆಗಳಿಗೆ ಈ ಕಾಗದಗಳೇ ದಾಖಲೆ; ಇದಕ್ಕೆ ಬೇರೆ ವರದಿ ಬರೆಯಬೇಕಾಗಿಲ್ಲ. ದಿನಾಂಕವೊಂದನ್ನು ಮಾತ್ರ ತಪ್ಪದೆ ಹಾಕಿ.

‘ನಮಗೇ ಸಂಗೀತ ಬರುವುದಿಲ್ಲ, ಚಿತ್ರ ಬಿಡಿಸಲು ಗೊತ್ತಿಲ್ಲ’ ಎಂಬ ಸಂಕೋಚದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದುವರೆಗೆ ಹೇಳಿದ ಯಾವ ಪ್ರಶ್ನೆಗೂ ನಿಮಗೆ ಮೊದಲೇ ಉತ್ತರ ಗೊತ್ತಿರಬೇಕಾಗಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ನೀವೂ ಎಣಿಸಿ, ಅದಕ್ಕೂ ನಿಮಗೂ ಲೆಕ್ಕ ತಾಳೆಯಾಗದಿದ್ದರೆ ಮತ್ತೊಮ್ಮೆ ಕೇಳಿ. ತಾಯಿಯ ತಾಳ ತಪ್ಪಿದ್ದನ್ನು ಮಗು ಕಂಡುಹಿಡಿದ ಮನೆಗಳಲ್ಲಿ ಮಾರನೆಯ ದಿನ ಹಾಡು ಹಾಕೆಂದು ಹೇಳುವುದು ಮಗುವೇ.

ಉಳಿದದ್ದು ಹದಿಹರೆಯದವರ ವಿಚಾರ. ಹನ್ನೆರಡು, ಹದಿಮೂರಕ್ಕೆ ಬಂದ ಮಕ್ಕಳು ನೀವು ಆರಿಸಿದ್ದನ್ನೆಲ್ಲ ಬದಿಗೆ ಸರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಹಾಡುಗಳೊಳಗೆ ಹೋಗಿಬಿಡುತ್ತಾರೆ ಎಂಬ ದೂರು ಸಾಮಾನ್ಯ. ಅವರ ಹಾಡನ್ನೇ ಮೇಜಿನ ಮೇಲಿಡಿಸಿ. ಒಂದು ದಿನ ನಿಮ್ಮ ಆಯ್ಕೆ, ಒಂದು ದಿನ ಅವರದು, ಎರಡಕ್ಕೂ ಒಂದೇ ನಿಯಮ: ಎರಡು ಸಲ ಪೂರ್ತಿ ಕೇಳಬೇಕು, ಮಧ್ಯೆ ಮಾತಿಲ್ಲ, ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂಬ ತೀರ್ಪು ಎರಡನೆಯ ಸಲ ಕೇಳಿದ ಮೇಲಷ್ಟೇ. ನಿಮಗೆ ಗದ್ದಲವೆಂದು ತೋರುವ ಹಾಡಿನಲ್ಲೂ ಡ್ರಮ್ ಯಾವಾಗ ನಿಂತಿತು, ಚರಣದ ಕೊನೆಯಲ್ಲಿ ಎಷ್ಟು ಎಣಿಕೆ ಖಾಲಿ ಬಿಟ್ಟರು, ಹಿನ್ನೆಲೆಯ ದನಿ ಎಲ್ಲಿ ಸೇರಿಕೊಂಡಿತು ಎಂದು ಕೇಳಬಹುದು. ಕೇಳಿ, ಉತ್ತರ ಹೇಳುವ ಸರದಿಯನ್ನು ನೀವು ತೆಗೆದುಕೊಳ್ಳಿ. ಸರಿಯೋ ತಪ್ಪೋ ಎಂದು ಅವರು ಮತ್ತೆ ಹಾಡು ಹಾಕಿ ತೋರಿಸಲಿ.